ಎತ್ತಿನ ಸಾಲಿನಲ್ಲಿ ಕೂತ ಡಾಲ್ಫಿನ್

ನಮ್ಮದು ಮೀನು ತಿನ್ನುವ ಮನೆಯಲ್ಲ. ತಿನ್ನುವುದಿರಲಿ, ಮೀನು ಮಾರುವ ಬೀದಿಯಲ್ಲಿ ಆಟೊ ಹೋದರೆ ನಮ್ಮತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡವರು, ಬೀದಿ ದಾಟಿ ಎರಡು ತಿರುವು ಕಳೆದ ಮೇಲೂ ಬಿಡುವುದಿಲ್ಲ. ಅಂಥ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಸಿಕೊಂಡು, ತಲೆಗೆ ಹೂವು ಏರಿಸಿಕೊಂಡು, ಹೋಳಿಗೆಯ ಎಡೆ ಹಿಡಿಸಿಕೊಂಡು ಒಂದು ಡಾಲ್ಫಿನ್ ಕೂತಿತ್ತು. ಪೂಜೆ ಮಾಡಿದವರು ನಮ್ಮತ್ತೆ. ಮಣ್ಣಿನಲ್ಲಿ ಅದನ್ನು ಮಾಡಿ ಎತ್ತಿನ ಪಕ್ಕ ಇಟ್ಟವಳು ನಾನು. ತಪ್ಪು ಇಬ್ಬರದೂ ಅರ್ಧರ್ಧ ಆದ್ದರಿಂದ ಒಬ್ಬರ ಮೇಲೊಬ್ಬರು ಹೇಳುವ ಹಾಗಿಲ್ಲ. ಅದೂ ಒಂದು ಪುಣ್ಯವೇ.

ನಾವಿರುವುದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನಮ್ಮ ಮನೆಯವರು ಸಂಡೂರು ಕಡೆ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ಲಾರಿಗಳ ತೂಕ ನೋಡುವ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಹೋದವರು ಸಂಜೆ ಕೆಂಪು ಅಂಗಿಯಲ್ಲಿ ಬರುತ್ತಾರೆ. ಅಂಗಿ ಮಾತ್ರ ಅದೇ. ಮನೆಯಲ್ಲಿ ಹಗಲು ನಾನು, ಅತ್ತೆ, ಶಾಲೆ ಬಿಟ್ಟ ಮೇಲೆ ಏಳನೇ ತರಗತಿಯ ಮಗಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಶ್ರಾವಣ ಕಳೀಲಿ ಅನ್ನುತ್ತಾರೆ, ಶ್ರಾವಣ ಕಳೆದರೆ ದೀಪಾವಳಿ ಕಳೀಲಿ ಅನ್ನುತ್ತಾರೆ. ಆದರೆ ಕಿವಿ ಮಾತ್ರ ಎಷ್ಟು ಚುರುಕು ಅಂದರೆ, ಬೀದಿಯಲ್ಲಿ ಚಪ್ಪಲಿ ಸಪ್ಪಳ ಕೇಳಿಯೇ ಯಾರ ಮನೆಯ ಸೊಸೆ ಎಲ್ಲಿಗೆ ಹೊರಟಳು ಎಂದು ಹೇಳಬಲ್ಲರು.

ಮಗಳ ವಿಷಯ ಸ್ವಲ್ಪ ಹೇಳಬೇಕು. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ನೀರಿನ ಮೇಲೆ ನಾಲ್ಕು ಮಾತು ಹೇಳಲು ವೇದಿಕೆ ಹತ್ತಿದ್ದಳು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಮೈಕಿನ ಮುಂದೆ ಸುಮ್ಮನೆ ನಿಂತಳು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇವಳು ಇಳಿದು ಓಡಿಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಅವತ್ತಿನಿಂದ ಶಾಲೆಯಲ್ಲಿ ಬಾಯಿ ಕಟ್ಟಿತು. ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಾಳಂತೆ. ಮನೆಯಲ್ಲಿ ಮಾತ್ರ ನನಗಿಂತ ಜೋರು.

ಈ ವರ್ಷ ಶಾಲೆ ಶುರುವಾದ ಹೊಸತರಲ್ಲೇ ವಿಜ್ಞಾನದ ವಸ್ತುಪ್ರದರ್ಶನ ಇಟ್ಟರು. ಚೀಟಿ ಎತ್ತಿಸಿದಾಗ ಇವಳಿಗೆ ಡಾಲ್ಫಿನ್ ಬಂತು. ಟೀಚರ್ ನನ್ನನ್ನು ಕರೆಸಿ ಹೇಳಿದರು: "ಭಾಷಣ ಏನಿಲ್ರಿ. ಒಂದು ಮಾದರಿ ಮಾಡಿ ಮೇಜಿನ ಮ್ಯಾಲ ಇಟ್ಕೊಂಡು ನಿಲ್ಲಲಿ. ನೋಡಾಕ ಬಂದವ್ರು ಏನರ ಕೇಳ್ತಾರ, ಗೊತ್ತಿದ್ದಷ್ಟು ಹೇಳ್ಲಿ. ಎದುರಿಗೆ ಒಂದು ವಸ್ತು ಇದ್ರ ಧೈರ್ಯ ಬರತೈತಿ. ಈ ಸಲಾನೂ ಓಡಿ ಹೋದ್ಲು ಅಂದ್ರ ಮುಂದ ಆಕಿ ಬಾಯಿ ಬಿಡ್ಸೋದು ಭಾಳ ಕಷ್ಟ ಆಗತೈತಿ ನೋಡ್ರಿ." ನಾನು ಆಯ್ತು ಎಂದು ತಲೆ ಆಡಿಸಿ ಬಂದೆ. ಬರುವಾಗ ದಾರಿಯುದ್ದಕ್ಕೂ ಹಂಪಿಯ ವಿರೂಪಾಕ್ಷನಿಗೆ ಒಂದೇ ಬೇಡಿಕೆ: ಬಹುಮಾನ ಬೇಡ, ಹುಡುಗಿ ಅಲ್ಲಿ ನಿಂತರೆ ಸಾಕು.

ಮಾದರಿ ಮಾಡುವುದು ನನಗೆ ದೊಡ್ಡದಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಎರೆಮಣ್ಣು ತಂದು ಐದು ಎತ್ತು, ಅವಕ್ಕೊಂದು ಮೇವಿನ ಗ್ವಾದಲಿ ಮಾಡುವುದು ಈ ಮನೆಗೆ ಬಂದಾಗಿನಿಂದ ನನ್ನ ಕೆಲಸ. ಹೊಲ ಹೋಗಿ ಎಷ್ಟೋ ವರ್ಷ ಆದರೂ, ಕೊಟ್ಟಿಗೆ ಇದ್ದ ಜಾಗದಲ್ಲಿ ಸ್ಕೂಟರ್ ನಿಂತಿದ್ದರೂ, ಎತ್ತು ತಪ್ಪಿಲ್ಲ. ಹಬ್ಬದ ಹಿಂದಿನ ದಿನ, ಮಂಗಳವಾರ, ಎತ್ತು ಮಾಡಿ ಉಳಿದ ಮಣ್ಣಿನಲ್ಲಿ ಡಾಲ್ಫಿನ್ ಮಾಡಲು ಕೂತೆ. ಮಗಳು ಫೋನಿನಲ್ಲಿ ಚಿತ್ರ ತೆಗೆದು ಎದುರಿಗೆ ಹಿಡಿದಳು. ಊದಿನಕಡ್ಡಿಯಿಂದ ತಲೆಯ ಮೇಲೆ ಒಂದು ತೂತು ಮಾಡಿಸಿದಳು. ಎತ್ತಿಗೆ ಇಟ್ಟ ಹಾಗೇ ಕಣ್ಣಿಗೆ ಎರಡು ಕುಸುಬಿ ಕಾಳು ಇಟ್ಟೆ. ಒದ್ದೆ ಕೈಯಿಂದ ಸವರಿದಾಗ ಮೈ ಕರ್ರಗೆ ಮಿಂಚಿತು. ನಾನು ಸಮುದ್ರವನ್ನೇ ನೋಡದವಳು. ಆದರೂ ಚೆನ್ನಾಗಿ ಬಂತು ಅನ್ನಿಸಿತು. ಒಣಗಲಿ ಎಂದು ಅದೇ ಮಣೆಯ ಮೇಲೆ, ಎತ್ತಿನ ಸಾಲಿನ ಕೊನೆಗೆ ಇಟ್ಟೆ. ಬೇರೆ ಮಣೆ ಇರಲಿಲ್ಲವೇ ಎಂದು ಕೇಳಿದರೆ, ಇತ್ತು. ಅದರ ಮೇಲೆ ಹೋಳಿಗೆಯ ಬೇಳೆ ಆರಹಾಕಿದ್ದೆ.

ಬೆಳಿಗ್ಗೆ ನಾನು ಒಲೆ ಮುಂದೆ ಇದ್ದೆ. ಅತ್ತೆ ಸ್ನಾನ ಮುಗಿಸಿ, ಮಣೆಯನ್ನು ದೇವರ ಜಗಲಿಗೆ ಏರಿಸಿ, ತಾವೇ ಪೂಜೆ ಮುಗಿಸಿಬಿಟ್ಟಿದ್ದರು. ಎಡೆ ಹಿಡಿದು ಬಂದು ಸಮಾಧಾನದಿಂದ ಹೇಳಿದರು: "ಈ ಸಲ ಕರಾನೂ ಮಾಡಿಯಲ್ಲ, ಚಲೋ ಆತು ಬಿಡು."

"ಯಾವ ಕರ ಅತ್ತಿ?"

"ಅದ, ಕೊನಿಗೆ ಕುಂತೈತಲ್ಲ. ಕೋಡು ಇನ್ನೂ ಮೂಡಿಲ್ಲ. ಮೈಯಂತೂ ಭಾಳ ನುಣ್ಣಗೈತಿ. ಮೂತಿ ಒಂದೀಟು ಉದ್ದ ಆತು, ಅಷ್ಟ."

ತಿರುವಬೇಕಿದ್ದ ಹೋಳಿಗೆ ಹಂಚಿನ ಮೇಲೇ ಉಳಿಯಿತು. ಅಷ್ಟರಲ್ಲಿ ಮಗಳು ಹಲ್ಲುಜ್ಜುತ್ತ ಬಂದು ಜಗಲಿ ನೋಡಿದಳು. ಐದು ಎತ್ತು, ಅವುಗಳ ಪಕ್ಕ ಮೂರು ಬೆರಳ ವಿಭೂತಿ ಹಚ್ಚಿಕೊಂಡು ಅವಳ ಡಾಲ್ಫಿನ್.

"ಅಜ್ಜಿ, ಅದು ನಂದು."

"ನಿಂದ ಆಗ್ಲಿ. ಬಸವಣ್ಣ ಎಲ್ಲಾರಿಗೂ ಒಬ್ಬನ."

"ಬಸವಣ್ಣ ಅಲ್ಲಜ್ಜಿ, ಡಾಲ್ಫಿನ್."

"ಹಂಗಂದ್ರ?"

"ಸಮುದ್ರದಾಗ ಇರತೈತಿ."

ಅತ್ತೆ ನನ್ನ ಕಡೆ ತಿರುಗಿದರು. ಕಾಣದ ಕಣ್ಣಾದರೂ ನೋಟ ಸರಿಯಾಗಿ ನನ್ನ ಮೇಲೇ ಬಿತ್ತು. "ಸಮುದ್ರದಾಗ ಇರೋದು ಅಂದ್ರ, ಮೀನೇನಬೇ?"

ನಿಜ ಹೇಳಬೇಕೆಂದರೆ ನಾನೂ ಅದನ್ನು ದೊಡ್ಡ ಮೀನು ಎಂದೇ ತಿಳಿದಿದ್ದೆ. ಅತ್ತೆ ಗೋಡೆಗೆ ಒರಗಿ ಕೂತರು. "ಮೀನಿಗೆ ವಿಭೂತಿ ಹಚ್ಚಿದೆ ನಾನು. ಹೋಳಿಗಿ ತಿನ್ನಿಸಿದೆ."

"ಮೀನಲ್ಲಜ್ಜಿ," ಮಗಳು ಬಾಯಿ ಮುಕ್ಕಳಿಸಿ ಬಂದು ಅವರ ಮುಂದೆ ಕೂತಳು. "ಮೀನು ನೀರಾಗ ಉಸರಾಡತೈತಿ. ಇದಕ್ಕ ನಮ್ಮಂಗ ಗಾಳಿ ಬೇಕು, ಮ್ಯಾಲ ಬಂದು ತಗೊಂತೈತಿ. ತಲಿ ಮ್ಯಾಲ ತೂತು ಐತಲ್ಲ, ಅದ ಮೂಗು. ಮೀನು ತತ್ತಿ ಇಡತೈತಿ. ಇದು ಮರಿ ಹಾಕತೈತಿ, ಹಾಲು ಕುಡಸತೈತಿ."

"ಹಾಲಾ?"

"ಹ್ಞೂಂ, ಹಾಲು."

"ನೀರಾಗ ಹೆಂಗ ಕುಡಸತೈತಿ? ಹಾಲೆಲ್ಲ ಹರದು ಹೋಗೂದಿಲ್ಲೇನು?"

"ಮರಿ ನಾಲಿಗಿ ಮಡಚಿ ಹಿಡಕೊಂತೈತಿ. ತಾಯಿ ಬಾಯಾಗ ಚಿಮ್ಮಸತೈತಿ. ಹಾಲು ಭಾಳ ಗಟ್ಟಿ ಇರತೈತಂತ, ನೀರಾಗ ಬೆರಿಯೂದಿಲ್ಲ."

"ಹಂಗಾರ ನಮ್ಮ ಹಾಲಿನವನಕಿಂತ ಅದ ಚಲೋ," ಎಂದರು ಅತ್ತೆ. ಆಮೇಲೆ ತೀರ್ಪು ಕೊಟ್ಟರು: "ಹಾಲು ಕುಡಸ್ತೈತಿ ಅಂದ ಮ್ಯಾಲ ಅದು ಆಕಳ ಕಡೀದು. ಮೀನಿನ ಕಡೀದಲ್ಲ. ಪೂಜಿ ನಡೀತೈತಿ."

ನಾನು ಉಸಿರು ಬಿಟ್ಟು ಹಂಚಿನ ಕಡೆ ತಿರುಗಿದೆ. ಆ ಹೋಳಿಗೆ ಕರಕಾಗಿತ್ತು. ಒಂದೇ ಹೋಳಿಗೆಯಲ್ಲಿ ಮುಗಿಯಿತಲ್ಲ ಎಂದುಕೊಂಡೆ. ಆದರೆ ಅತ್ತೆಯ ಮಾತು ಮುಗಿದಿರಲಿಲ್ಲ. "ಶುಕ್ರವಾರ ಎತ್ತಿನ ಜತಿಗೆ ಇದನ್ನೂ ಕಾಲುವಿಗೆ ಬಿಟ್ಟು ಬರಬೇಕು."

ಪ್ರದರ್ಶನ ಇದ್ದದ್ದು ಶನಿವಾರ.

ನಮ್ಮ ಮನೆಯ ಪದ್ಧತಿ ಹಾಗೆ. ಪೂಜೆಯಾದ ಮಣ್ಣೆತ್ತಿಗೆ ಮೂರು ದಿನ ಎರಡೂ ಹೊತ್ತು ಎಡೆ, ಮೂರನೇ ದಿನ ನೀರಿಗೆ. ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಗಳು ಅಳುವ ದನಿಯಲ್ಲಿ "ಶನಿವಾರ ಸಂಜಿಗೆ ಬಿಡೋಣಜ್ಜಿ" ಅಂದಳು. ಅತ್ತೆ ಅವಳ ತಲೆ ಸವರಿದರೇ ಹೊರತು ಮಾತು ಸಡಿಲಿಸಲಿಲ್ಲ. "ಎಡಿ ಹಿಡಿದ ಮ್ಯಾಲ ಅದು ಬರೇ ಮಣ್ಣಲ್ಲವ್ವಾ. ಸಾಲ್ಯಾಗ ಮೇಜಿನ ಮ್ಯಾಲ ಇಟ್ರ, ಬಂದವ್ರೆಲ್ಲ ಬಾಲ ಹಿಡದು ಎತ್ತಿ ನೋಡ್ತಾರ. ಅಲ್ಲಿ ಹೊತ್ತಿಗೆ ಸರಿಯಾಗಿ ಎಡಿ ಯಾರು ಹಿಡೀತಾರ, ನಿಮ್ಮ ಟೀಚರಾ?"

ಸಂಜೆ ನಮ್ಮ ಮನೆಯವರು ಬಂದರು. ಕೈಕಾಲು ತೊಳೆಯುತ್ತಲೇ ಎಲ್ಲವನ್ನೂ ಕೇಳಿ ತಾಯಿಗೆ ಹೇಳಿದರು: "ಒಂದು ದಿನ ತಡ ಆದ್ರ ಬಸವಣ್ಣ ನೋಟಿಸ್ ಕೊಡ್ತಾನೇನಬೇ?"

"ತೂಕ ಆದ ಲಾರೀನ ನೀ ಒಂದು ದಿನ ಗೇಟಿನಾಗ ನಿಲ್ಲಸ್ತೀಯೇನು?" ಎಂದರು ಅತ್ತೆ.

ನಮ್ಮ ಮನೆಯವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಒರೆಸಿಕೊಳ್ಳಲು ಅಷ್ಟು ಹೊತ್ತು ಬೇಕಿರಲಿಲ್ಲ.

ಎಲ್ಲರೂ ಕೊನೆಗೆ ನನ್ನ ಮುಖ ನೋಡಿದರು. ಮಗಳ ಪರ ಮಾತಾಡಬೇಕು ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಸುಳ್ಳೇಕೆ, ನನಗೂ ಅದೇ ನಂಬಿಕೆ. ಕಣ್ಣು ಕಾಣದ ಮುದುಕಿ ಕೈ ಮುಗಿದು ಉಣಿಸಿದ್ದನ್ನು ಎತ್ತಿಕೊಂಡು ಹೋಗಿ ಮಾರ್ಕ್ಸಿಗೆ ಇಡುವುದು ನನ್ನಿಂದ ಆಗದು. ಹೊಸದು ಮಾಡಿಕೊಡೋಣ ಎಂದರೆ ಮಣ್ಣು ತೀರಿತ್ತು, ಜಿಟಿಜಿಟಿ ಮಳೆ ಹಿಡಿದಿತ್ತು. ಈ ಹವೆಯಲ್ಲಿ ಎರಡು ದಿನಕ್ಕೆ ಎರೆಮಣ್ಣು ಒಣಗುವುದಿಲ್ಲ. ಒಲೆ ಮುಂದೆ ಇಟ್ಟು ಒಣಗಿಸಿದರೆ ಸೀಳುತ್ತದೆ. ಒಂದು ವರ್ಷ ಎತ್ತಿನ ಕಾಲು ಹಾಗೇ ಹೋಗಿತ್ತು.

"ಹಂಗಾರ ನಾ ಶನಿವಾರ ಸಾಲಿಗೆ ಹೋಗೂದಿಲ್ಲ," ಎಂದು ಮಗಳು ಪುಸ್ತಕ ಮುಚ್ಚಿದಳು.

ಆದರೆ ಪುಸ್ತಕ ಮುಚ್ಚಿದರೆ ಅತ್ತೆಯ ಬಾಯಿ ಮುಚ್ಚಬೇಕಲ್ಲ. ಮನೆಯಲ್ಲಿ ಒಂದು ಹೊಸ ಪ್ರಾಣಿ ಅತಿಥಿಯಾಗಿ ಕೂತಿದೆ, ಅದರ ಕುಲಗೋತ್ರ ತಿಳಿಯದೆ ಅವರು ಹೇಗೆ ಎಡೆ ಹಿಡಿದಾರು? ಆ ರಾತ್ರಿ ಎಡೆ ಹಿಡಿಯುವಾಗಲೇ ಶುರು ಮಾಡಿದರು. "ಅಲ್ಲಾ, ಇದು ತಿನ್ನೋದೇನು?"

ಮಗಳು ಮುನಿಸಿನಲ್ಲೇ ಹೇಳಿದಳು: "ಮೀನು."

ನಾನು ಪಲ್ಯದ ಬೋಗುಣಿ ಹಿಡಿದು ಕಾದೆ. ಅತ್ತೆ ಎಡೆಯ ತಟ್ಟೆಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ಸರಿಸಿದರು. "ಇರ್ಲಿ. ಅದರ ಮನಿ ಪದ್ಧತಿ ಅದಕ್ಕ. ನಮ್ಮ ಮನ್ಯಾಗ ಇರೋತನ ಅನ್ನ ಸಾರು ಉಣ್ಣಲಿ."

ಗುರುವಾರ ಇಡೀ ದಿನ ಹೀಗೇ ನಡೆಯಿತು. ಮಳೆ ಬರುತ್ತಿತ್ತು, ಅತ್ತೆ ಹೊರಗೆ ಕಟ್ಟೆಗೆ ಹೋಗುವ ಹಾಗಿರಲಿಲ್ಲ. ಶಾಲೆಯಿಂದ ಬಂದ ಮಗಳನ್ನು ಪಕ್ಕ ಕೂರಿಸಿಕೊಂಡರು. ಎಷ್ಟು ಮರಿ ಹಾಕುತ್ತದೆ? ಸಾಮಾನ್ಯವಾಗಿ ಒಂದು. ಎಷ್ಟು ತಿಂಗಳಿಗೆ? ಹತ್ತು ಹನ್ನೊಂದು ತಿಂಗಳು, ಕೆಲವು ಜಾತಿಗೆ ಒಂದು ವರ್ಷ. "ನಮಗಿಂತ ಒಂದೆರಡು ತಿಂಗಳು ಹೆಚ್ಚಿಗಿ ಹೊರತೈತಿ ಪಾಪ," ಎಂದು ಅತ್ತೆ ಲೆಕ್ಕ ಹಾಕಿದರು. ಹೆರಿಗೆ ಮಾಡಿಸುವವರು ಯಾರು ಎಂದು ಕೇಳಿದಾಗ ಮಗಳು ನಕ್ಕಳು. ಆದರೆ ಕೆಲವೊಮ್ಮೆ ಗುಂಪಿನ ಬೇರೆ ಹೆಣ್ಣುಗಳು ಹತ್ತಿರ ಇದ್ದು, ಹುಟ್ಟಿದ ಮರಿಯನ್ನು ಮೊದಲ ಉಸಿರಿಗೆ ಮೇಲೆ ತಳ್ಳಲು ಸಹಾಯ ಮಾಡುತ್ತವಂತೆ ಎಂದು ಓದಿದ್ದಳು. ಅತ್ತೆಗೆ ಇದು ಬಹಳ ಹಿಡಿಸಿತು. ಅವರ ಕಾಲದಲ್ಲಿ ಓಣಿಯ ಹೆಂಗಸರೇ ಬಂದು ನಿಲ್ಲುತ್ತಿದ್ದರು.

"ನಿದ್ದಿ ಹೆಂಗ? ಮಲಗಿದ್ರ ಮುಳುಗೂದಿಲ್ಲೇನು?"

"ಅರ್ಧ ಮೆದುಳು ಮಲಗತೈತಿ ಅಜ್ಜಿ, ಇನ್ನರ್ಧ ಎಚ್ಚರ ಇರತೈತಿ. ಉಸರಿಗೆ ಮ್ಯಾಲ ಬರಬೇಕಲ್ಲ. ಒಂದು ಕಣ್ಣು ತೆರಕೊಂಡ ಇರತೈತಿ."

"ನಾ ಈ ಮನಿಗೆ ಬಂದ ಮೊದಲನೇ ವರ್ಷ ಹಂಗ ಮಲಗತಿದ್ದೆ," ಎಂದರು ಅತ್ತೆ. "ನಮ್ಮತ್ತಿ ಯಾವಾಗ ಕರೀತಾಳೋ ಅಂತ."

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಗು ಕೇಳಿಸಬಾರದೆಂದು ಇನ್ನೊಂದು ರೊಟ್ಟಿ ಜೋರಾಗಿ ಬಡಿದೆ.

"ಯಾವಾಗ್ಲೂ ನಗತಿರತೈತಂತಲ್ಲ, ಯಾಕ?" ಇದು ಅವರು ಟಿವಿಯಲ್ಲಿ ಕೇಳಿದ್ದು.

"ನಗೂದಲ್ಲ. ಅದರ ಬಾಯಿನ ಹಂಗ ಐತಿ. ಸಿಟ್ಟು ಬಂದ್ರೂ, ಬ್ಯಾನಿ ಇದ್ರೂ ಬಾಯಿ ಹಂಗ."

ಮದುವೆ ಮನೆಯಲ್ಲಿ ಬೀಗರ ಮುಂದೆ ನಗುತ್ತ ಓಡಾಡುವ ನಮ್ಮ ಹೆಂಗಸರೆಲ್ಲ ನನ್ನ ಕಣ್ಣ ಮುಂದೆ ಬಂದರು.

ಗಂಗಾ ನದಿಯಲ್ಲಿಯೂ ಒಂದು ಜಾತಿಯ ಡಾಲ್ಫಿನ್ ಇದೆ ಎಂದು ಮಗಳು ಹೇಳಿದಾಗ ಅತ್ತೆ ಗೋಡೆ ಬಿಟ್ಟು ಮುಂದಕ್ಕೆ ಬಂದರು. ಗಂಗೆ ಅಂದರೆ ಅವರಿಗೆ ಕಾಶಿಯಿಂದ ತಂದ ತಾಮ್ರದ ಗಿಂಡಿ, ದೇವರ ಹಿಂದೆ ಬಟ್ಟೆ ಕಟ್ಟಿ ಇಟ್ಟದ್ದು. ಆ ಡಾಲ್ಫಿನ್‌ಗೆ ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಕೆಸರು ನೀರು. ಟಿಕ್ ಟಿಕ್ ಎಂದು ಸಪ್ಪಳ ಮಾಡಿ, ಅದು ಬಡಿದು ವಾಪಸ್ಸು ಬರುವುದನ್ನು ಕೇಳಿ ದಾರಿ ಹುಡುಕುತ್ತದೆ ಎಂದಳು. ಅತ್ತೆ ಕೈ ಚಾಚಿ, ಜಗಲಿಯ ಮೇಲಿದ್ದ ಮಣ್ಣಿನ ಡಾಲ್ಫಿನ್‌ನ ಬೆನ್ನು ಮುಟ್ಟಿ ನೋಡಿದರು. ಕುಸುಬಿ ಕಾಳಿನ ಕಣ್ಣು ಸಿಕ್ಕಿತು. "ಇಷ್ಟು ಸಣ್ಣ ಕಣ್ಣು ಸರಿ ಐತಿ ಹಂಗಾರ," ಎಂದರು.

ಗಂಗೆಯಲ್ಲಿ ಅವು ಕಡಿಮೆಯಾಗುತ್ತಿರುವುದು ಯಾಕೆ ಎಂಬ ಪ್ರಶ್ನೆ ಮಾತ್ರ ಎಲ್ಲರನ್ನೂ ಸ್ವಲ್ಪ ಸಪ್ಪಗೆ ಮಾಡಿತು. ಮೀನಿಗೆ ಹಾಕಿದ ಬಲೆಯಲ್ಲಿ ಸಿಕ್ಕರೆ ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತವೆ. ನೀರು ಹೊಲಸಾಗಿದೆ. ದೋಣಿಗಳ ಗದ್ದಲಕ್ಕೆ ಅವುಗಳ ಸಪ್ಪಳ ಅವಕ್ಕೇ ಕೇಳಿಸದು. ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿದ ಕಡೆ, ಮೇಲಿನವು ಮೇಲೆ, ಕೆಳಗಿನವು ಕೆಳಗೆ ಉಳಿದುಬಿಡುತ್ತವೆ.

"ನಮ್ಮ ಟಿ.ಬಿ. ಡ್ಯಾಂನಂಥದ್ದೇನು?" ಎಂದು ಅತ್ತೆ ಕೇಳಿದರು. ಅವರ ತವರಿನ ಹೊಲ ಆ ಹಿನ್ನೀರಿನ ತಳದಲ್ಲಿದೆ. ಆ ಡ್ಯಾಂನ ನೀರಿನಿಂದಲೇ ನಾವು ಅನ್ನ ಉಣ್ಣುವುದು. ಹಾಗಾಗಿ ಯಾರೂ ಏನೂ ಬಯ್ಯಲಿಲ್ಲ.

"ನಮ್ಮ ಹೊಳ್ಯಾಗ ಅದಾವೇನು?" ಇದು ಅವರ ಮುಂದಿನ ಪ್ರಶ್ನೆ. ಮಗಳು ಇಲ್ಲವೆಂದಳು. ಆದರೆ ನನಗೆ ಏನೋ ನೆನಪಾಗಿ ಕಂಪ್ಲಿಗೆ, ನನ್ನ ತವರಿಗೆ ಫೋನ್ ಹಚ್ಚಿದೆ. ನಮ್ಮಣ್ಣ ಹೊಳೆ ದಂಡೆಯಲ್ಲಿ ಭತ್ತದ ಗದ್ದೆ ಮಾಡುತ್ತಾನೆ. ಡಾಲ್ಫಿನ್ ವಿಷಯ ಕೇಳಿ ಮೊದಲು ನಕ್ಕ, ಆಮೇಲೆ ನೀರುನಾಯಿಯ ಕಥೆ ಶುರು ಮಾಡಿದ. "ಮೊನ್ನಿ ಹೊಳ್ಯಾಗಿನ ಬಂಡೆಗಲ್ಲಿನ ಮ್ಯಾಲ ಐದಾರು ಕುಂತು ಮೈ ಒರೆಸ್ಕೊಳ್ಳಾಕ ಹತ್ತಿದ್ದುವು. ಅವೂ ಮರೀಗೆ ಹಾಲು ಕುಡಸ್ತಾವು, ಅವೂ ಮ್ಯಾಲ ಬಂದ ಉಸರು ತಗೊಂತಾವು. ಬಲಿ ಹರೀತಾವು ಅಂತ ಮೀನು ಹಿಡಿಯೋರಿಗೆ ಸಿಟ್ಟು. ಉಸುಕು ತೆಗೆದು ತೆಗೆದು ಹೊಳಿ ದಂಡಿನ ಇಲ್ಲದಂಗ ಆಗೈತಿ, ಬಿಲ ಎಲ್ಲಿ ಮಾಡ್ತಾವು?" ಫೋನ್ ಸ್ಪೀಕರಿನಲ್ಲಿತ್ತು. ನೋಡಿದರೆ, ಮುಚ್ಚಿದ್ದ ಪುಸ್ತಕ ತೆರೆದಿತ್ತು, ಮಗಳು ಬರೆದುಕೊಳ್ಳುತ್ತಿದ್ದಳು. ನಾನು ಫೋನಿನ ಕಡೆಯೇ ನೋಡಿದೆ. ಇಂಥದ್ದನ್ನು ನೋಡಿದೆ ಎಂದು ತೋರಿಸಿಕೊಂಡರೆ ನಿಂತುಹೋಗುತ್ತದೆ.

ಶುಕ್ರವಾರ ಮಳೆ ಬಿಡುವು ಕೊಟ್ಟಿತು. ಮೂವರೂ ಕಾಲುವೆಗೆ ಹೋದೆವು. ಎತ್ತುಗಳನ್ನು ನಾನು ಒಂದೊಂದಾಗಿ ಬಿಟ್ಟೆ. ಡಾಲ್ಫಿನ್‌ನನ್ನು ಮಗಳು ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ಕೂತು, ನೀರಿಗೆ ಇಳಿಸಿದಳು. ಅದು ಎತ್ತುಗಳಷ್ಟೇ ಜಲ್ದಿ ಮುಳುಗಿತು.

"ಹೋತೇನು?" ಅತ್ತೆ ಕೇಳಿದರು.

"ಹೋತು," ಎಂದಳು. ಅಳಲಿಲ್ಲ. ಆದರೆ ಆ ಒಂದು ಮಾತಿನ ನಂತರ ಬಾಯಿ ಬಿಡಲಿಲ್ಲ, ಮತ್ತು ಆ ಮೌನ ನನಗೆ ಗೊತ್ತಿದ್ದ ಮೌನ. ಮೆಟ್ಟಿಲು ಹತ್ತಿ ಬರುವಾಗ ಅತ್ತೆ ನನ್ನ ಹೆಗಲಿಗೆ ಕೈ ಹಾಕಿದರು; ಹಿಡಿತಕ್ಕೆ ಎಂದುಕೊಂಡೆ. "ಆ ಮಣ್ಣು ಹೋತು. ಮಾಡಿದ ಕೈ ಇಲ್ಲೇ ಐತಲ್ಲ. ನಾಳೆ ನೀನೂ ಹೋಗು. ಅಲ್ಲೇ ಕುಂತು ಮಾಡು. ಹಸಿ ಇದ್ರೇನಾತು, ಎಡಿ ಅಂತೂ ಯಾರೂ ಹಿಡಿಯೂದಿಲ್ಲ."

"ನಾನಾ ಅತ್ತಿ? ಸಾಲ್ಯಾಗ, ಅಷ್ಟು ಮಂದಿ ಮುಂದ?"

"ಮತ್ತ, ಆಕಿಗೆ ಅಷ್ಟು ಮಂದಿ ಮುಂದ ನಿಲ್ಲು ಅಂತೀಯಲ್ಲ ನೀನು."

ಮಗಳಿಗೆ ಒಪ್ಪಿಗೆಯೋ ಇಲ್ಲವೋ ತಿಳಿಯಲಿಲ್ಲ. ಬೇಡ ಅನ್ನಲಿಲ್ಲ, ಅಷ್ಟೇ. ಹಾಗೇ ಕುಂಬಾರರ ಮನೆಗೆ ಹೋದೆವು. ಹಬ್ಬ ಮುಗಿದು ಮಣ್ಣೆಲ್ಲ ಖಾಲಿ ಆಗಿರುತ್ತದೆ ಎಂದು ಅಂಜಿಕೆ ಇತ್ತು. ಒದ್ದೆ ಗೋಣಿಚೀಲದ ಕೆಳಗೆ ಒಂದು ಮುದ್ದೆ ಉಳಿದಿತ್ತು. ಸರಿಯಾಗಿ ಒಂದು ಡಾಲ್ಫಿನ್‌ಗೆ ಆಗುವಷ್ಟು. ದೇವರು ಕೊಟ್ಟರೆ ಹೀಗೆ ಅಳತೆ ನೋಡಿ ಕೊಡುತ್ತಾನೆ, ನಮ್ಮ ಮನೆಗಂತೂ.

ಶನಿವಾರ ಬೆಳಿಗ್ಗೆ ಶಾಲೆಯ ಒಂದು ಕೋಣೆಯಲ್ಲಿ ಗೋಡೆಗುಂಟ ಮೇಜು ಹಾಕಿದ್ದರು. ನಮ್ಮ ಪಕ್ಕದ ಮೇಜಿನ ಮೇಲೆ ಸಂಡೂರಿನ ಕೆಂಪು ಮಣ್ಣಿನ ಜ್ವಾಲಾಮುಖಿ; ಅದು ಯಾವಾಗ ನೊರೆ ಉಗುಳುತ್ತದೆ ಎಂದು ಇಡೀ ಕೋಣೆ ಅಲ್ಲೇ ನಿಂತಿತ್ತು. ನಮ್ಮ ಮೇಜು ಬರಿದು. ಟೀಚರಿಗೆ ಎಲ್ಲ ಹೇಳಿದೆ. ಅವರು ಒಂದು ಕ್ಷಣ ನನ್ನನ್ನೂ ಮುದ್ದೆಯನ್ನೂ ನೋಡಿ, "ಕುಂದರ್ರಿ, ಏನಾಗಿದ್ದಾಗ್ಲಿ" ಎಂದು ಹೋದರು. ನಾನು ಮೇಜಿನ ಮುಂದೆ ನೆಲದ ಮೇಲೆ ಗೋಣಿ ಹಾಸಿ, ಒಂದು ಚೊಂಬು ನೀರು ಇಟ್ಟುಕೊಂಡು ಕೂತೆ. ಮಗಳು ಮೇಜಿನ ಹಿಂದೆ, ಕೈ ಬೆನ್ನಿಗೆ ಕಟ್ಟಿ, ಬಾಗಿಲು ನೋಡುತ್ತ ನಿಂತಳು. ಅವಳು ಹಾಗೆ ಬಾಗಿಲು ನೋಡುವುದೇ ನನಗೆ ಭಯ.

ಕೆಲ ತಾಯಂದಿರು ಬಂದರು. ಡಾಲ್ಫಿನ್‌ಗಾಗಿ ಅಲ್ಲ, ಹೆಂಗಸೊಬ್ಬಳು ನೆಲದ ಮೇಲೆ ಕೂತು ಮಣ್ಣು ಕಲಸುತ್ತಿದ್ದಾಳೆ ಎಂದು.

"ಏನ್ರಿ, ಗಣಪ್ಪನ ಮಾಡ್ತೀರೇನು? ಇನ್ನೂ ಭಾಳ ದಿನ ಐತಲ್ರಿ."

"ಗಣಪ್ಪ ಅಲ್ರಿ."

"ಬದನಿಕಾಯಿ ಅನಸತೈತಿ," ಎಂದರು ಇನ್ನೊಬ್ಬರು. "ಸೊಪ್ಪು ಕಾಯಿಪಲ್ಲೆ ಪಾಠ ಇರಬೇಕು."

ಮಂಗಳವಾರ ಎದುರಿಗೆ ಫೋನಿನ ಚಿತ್ರ ಇತ್ತು, ಇವತ್ತು ಎದುರಿಗೆ ಜನ. ಕೈಗೆ ತೋಚಿದ ಹಾಗೆ ಮೈ ಮಾಡಿದೆ, ಮೂತಿ ಎಳೆದೆ. ಬಾಲಕ್ಕೆ ಬಂದಾಗ ಹಂಪಿಯ ಗುಡಿಯ ಕಂಬಗಳಲ್ಲಿ ಚಿಕ್ಕಂದಿನಿಂದ ನೋಡಿದ ಮೀನು ಕೈಗೆ ಬಂದುಬಿಟ್ಟಿತು. ನೆಟ್ಟಗೆ ನಿಂತ ಬಾಲ, ಮೇಲೊಂದು ಕವಲು, ಕೆಳಗೊಂದು ಕವಲು. ಮಾಡಿ ನೀರು ಸವರಿದೆ.

ಮೇಲಿಂದ ದನಿ ಬಂತು. "ಮಮ್ಮಿ, ಬಾಲ ತಪ್ಪಾತು."

"ಯಾಕ, ಚಂದ ಐತಲ್ಲ?"

"ಚಂದ ಐತಿ, ಆದ್ರ ಅದು ಮೀನಿನ ಬಾಲ." ಅವಳು ಮೇಜಿನ ಹಿಂದಿನಿಂದ ಈಚೆ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಹಸಿ ಬಾಲವನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಅಡ್ಡಕ್ಕೆ ತಿರುಗಿಸಿ ಒತ್ತಿದಳು. "ಮೀನು ಬಾಲ ಹಿಂಗ ಆಚೀಚಿ ಬೀಸತೈತಿ. ಡಾಲ್ಫಿನ್ ಹಿಂಗ, ಮ್ಯಾಲ ಕೆಳಗ. ನಾಯಿ ಜೋರಾಗಿ ಓಡೂವಾಗ ಬೆನ್ನು ಹೆಂಗ ಮ್ಯಾಲ ಕೆಳಗ ಆಗತೈತಿ, ಹಂಗ. ಅದು ನಮ್ಮ ಕಡೀ ಪ್ರಾಣಿ, ಮೀನಿನ ಕಡೀದಲ್ಲ."

"ಮೀನಲ್ಲೇನು ಅದು?" ಬದನೆಕಾಯಿ ಎಂದಿದ್ದವರು ಕೇಳಿದರು.

"ಅಲ್ರಿ," ಎಂದಳು ನನ್ನ ಮಗಳು, ಬಾಲದ ಕಡೆಯೇ ನೋಡುತ್ತ. "ಹಾಲು ಕುಡಸತೈತ್ರಿ."

ಬೇಕೆಂತಲೇ ಬಾಲ ತಪ್ಪು ಮಾಡಿದಿರಾ ಎಂದು ಟೀಚರ್ ಆಮೇಲೆ ಕೇಳಿದರು. ಇಲ್ಲ. ಅಷ್ಟು ಬುದ್ಧಿ ನನಗಿದ್ದಿದ್ದರೆ ಮೊದಲೇ ಎರಡು ಮಣೆ ಬಳಸುತ್ತಿದ್ದೆ.

ಹಾಲಿನ ವಿಷಯ ಬಂದ ಮೇಲೆ ತಾಯಂದಿರು ಬಿಡುತ್ತಾರೆಯೇ? ನೀರಿನಲ್ಲಿ ಹೇಗೆ, ಎಷ್ಟು ತಿಂಗಳು, ಹೆರಿಗೆ ಹೇಗೆ. ಎಲ್ಲವೂ ಅತ್ತೆ ಕೇಳಿದ ಪ್ರಶ್ನೆಗಳೇ, ಬಾಯಿ ಬೇರೆ ಅಷ್ಟೇ. ಮಗಳ ಉತ್ತರಕ್ಕೆ ತಡವರಿಕೆ ಇರಲಿಲ್ಲ. ಗಂಗೆಯ ಡಾಲ್ಫಿನ್ ನಮ್ಮ ದೇಶದ ರಾಷ್ಟ್ರೀಯ ಜಲಚರ ಎಂದು ಹೇಳಿದಾಗ ಒಬ್ಬ ತಂದೆ, "ಹೌದೇನು? ನವಿಲು, ಹುಲಿ ಅಷ್ಟ ಗೊತ್ತಿತ್ತು ನಂಗ" ಎಂದರು. ನಮ್ಮ ಹೊಳೆಯ ಮಾತು ಬಂದಾಗ, ಕಂಪ್ಲಿ ಕಡೆ ನೀರುನಾಯಿ ಇವೆ, ಅವಕ್ಕೂ ಇದೇ ತೊಂದರೆ, ಬಲೆ ಹರಿದರೆ ಹೊಡೆಯಬಾರದು, ಉಸುಕು ಬಗೆದು ದಂಡೆ ಹಾಳು ಮಾಡಬಾರದು ಎಂದಳು. ಉಸುಕಿನ ಟ್ರ್ಯಾಕ್ಟರ್ ಇಟ್ಟಿರುವ ಒಬ್ಬರು ಜ್ವಾಲಾಮುಖಿ ನೋಡಲು ಹೋದರು.

ಇಷ್ಟರಲ್ಲಿ ಬಿಸಿಯೂಟದ ಅಡಿಗೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಿದ್ದರು. ಅರ್ಧ ಮೆದುಳಿನ ನಿದ್ದೆಯ ಮಾತು ಕೇಳಿಸಿಕೊಂಡರು. ಆಮೇಲೆ ಬಹಳ ಯೋಚನೆ ಮಾಡಿ ಕೇಳಿದರು: "ಅಲ್ಲವ್ವಾ, ಅರ್ಧ ತಲಿ ಅಷ್ಟ ಮಲಗಿದ್ರ, ಅದಕ್ಕ ಕನಸು ಬೀಳತಾವೇನು?"

ಇದನ್ನು ಅತ್ತೆ ಕೇಳಿರಲಿಲ್ಲ. ಪುಸ್ತಕದಲ್ಲಿಯೂ ಇರಲಿಲ್ಲ. ಮಗಳು ಬಾಯಿ ತೆರೆದಳು, ಮುಚ್ಚಿದಳು. ವಾರ್ಷಿಕೋತ್ಸವದ ಆ ಮೈಕು, ಆ ಎರಡನೇ ಸಾಲು. ಮಣ್ಣು ಮೆತ್ತಿದ ಕೈಯನ್ನು ನಾನು ಸೀರೆಗೆ ಒತ್ತಿಕೊಂಡೆ. ಇಲ್ಲೂ ಹಿಂದೆ ಯಾರೋ ನಕ್ಕರು ಕೂಡ. ಪ್ರಶ್ನೆಗೆ ನಕ್ಕರೋ, ಇವಳಿಗೆ ನಕ್ಕರೋ.

ಅವಳು ಬಾಗಿಲ ಕಡೆ ನೋಡಲಿಲ್ಲ. ಅಡಿಗೆಯಾಕೆಯ ಮುಖ ನೋಡಿದಳು.

"ಗೊತ್ತಿಲ್ರಿ ಅಕ್ಕಾರ," ಎಂದಳು. "ನಾ ಓದಿದ್ದರಾಗ ಅದು ಇರಲಿಲ್ಲ. ದೊಡ್ಡೋರಿಗೂ ಇನ್ನೂ ಗೊತ್ತಾಗಿರಲಿಕ್ಕಿಲ್ಲ. ಕೇಳಿ ಸೋಮವಾರ ಊಟಕ್ಕ ಬಂದಾಗ ಹೇಳ್ತೀನ್ರಿ."

"ಹ್ಞೂಂ, ಹೇಳು ಮತ್ತ," ಎಂದು ಆಕೆ ತಲೆ ಆಡಿಸಿ, ಒಲೆಯ ಮೇಲೆ ಬೇಳೆ ಇದೆ ಎಂದು ಹೋದರು. ಅವರು ಹೋದ ಜಾಗಕ್ಕೆ ಇನ್ನೊಬ್ಬರು ಬಂದು ನಿಂತು, ಇದು ಕಚ್ಚುತ್ತದೆಯೇ ಎಂದು ಕೇಳಿದರು.

ನಾನು ಎದ್ದು ಕೈ ತೊಳೆಯಲು ನಲ್ಲಿ ಹುಡುಕುತ್ತ ಅಂಗಳಕ್ಕೆ ಹೋದೆ. ನೀರು ಬರುತ್ತಿತ್ತು. ಮೊಣಕೈ ತನಕ ತೊಳೆದು, ಮುಖಕ್ಕೂ ಹಾಕಿಕೊಂಡು, ಅಲ್ಲೇ ನಿಂತು ಎರಡು ನಿಮಿಷ ವಿರೂಪಾಕ್ಷನಿಗೆ ಹೇಳುವುದನ್ನು ಹೇಳಿದೆ. ಹಿಂತಿರುಗಿ ಬಂದಾಗ ನನ್ನ ಗೋಣಿಯ ಮೇಲೆ ಮೂವರು ಹೆಂಗಸರು ಕೂತಿದ್ದರು. ಮಗಳು ಅವರಿಗೆ ತಲೆಯ ಮೇಲಿನ ತೂತು ತೋರಿಸುತ್ತಿದ್ದಳು. "ಸ್ವಲ್ಪ ಸರೀರಿ, ಹಿಂದಿನವ್ರಿಗೆ ಕಾಣವಲ್ದು," ಎಂದಳು. ನನಗೇ ಹೇಳಿದ್ದು, ನಾನು ಯಾರೆಂದು ನೋಡದೆ. ನಾನು ಸರಿದೆ.